ಹಾಸ್ಟೆಲಿನ ಬೀಗ ಮತ್ತು ಮಂತ್ರಿಗಳ ಡೇಟು

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪುಸ್ತಕಕ್ಕೆ ದುಡ್ಡಿರುವುದಿಲ್ಲ, ಮೇಷ್ಟ್ರ ಹುದ್ದೆ ತುಂಬುವುದಿಲ್ಲ, ನಲ್ಲಿಯಲ್ಲಿ ನೀರು ಬರುವುದಿಲ್ಲ. ನಗುವುದಕ್ಕೆ ಮಾತ್ರ ಯಾವತ್ತೂ ಕೊರತೆಯಾಗಿಲ್ಲ. ಅದನ್ನು ಮೇಲಿನವರು ತಪ್ಪದೆ ಒದಗಿಸುತ್ತಾರೆ. ನಾನು ತಿಪಟೂರಿಗೂ ತುರುವೇಕೆರೆಗೂ ನಡುವೆ, ತೆಂಗಿನ ತೋಟಗಳ ಮಧ್ಯೆ ಇರುವ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಬೇರೆ ಯಾರೂ ಒಪ್ಪಲಿಲ್ಲವೆಂದು ಅಲ್ಲಿನ ಆಡಳಿತವನ್ನೂ ನನ್ನ ಕೊರಳಿಗೇ ಕಟ್ಟಿದ್ದಾರೆ. ವಿಶ್ವವಿದ್ಯಾಲಯದ ಹೆಸರು ಬೇಡ. ನನಗಿನ್ನೂ ಪಿಂಚಣಿ ಬರಬೇಕು.

ನಮ್ಮಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದು ಕಟ್ಟಿ, ಬಣ್ಣ ಬಳಿದು, ರೂಮುಗಳಿಗೆ ನಂಬರೂ ಬರೆದು ಮುಗಿದಿತ್ತು. ನಮ್ಮ ಜಿಲ್ಲೆಯ ಮಂತ್ರಿಗಳು ಬಂದು ಮಾಡಬೇಕಾದ ಉದ್ಘಾಟನೆಯೊಂದು ಆಗಿರಲಿಲ್ಲ. ಉದ್ಘಾಟನೆಯಾಗದೆ ಬೀಗ ತೆಗೆಯುವ ಹಾಗಿಲ್ಲ. ಹುಳಿಯಾರಿನ ಆಚೆಯ ಹಟ್ಟಿಯೊಂದರಿಂದ ಬರುವ ನನ್ನ ಎಂ.ಕಾಂ. ವಿದ್ಯಾರ್ಥಿನಿಯೊಬ್ಬಳು ದಿನವೂ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದಳು. ಸಂಜೆ ಬಸ್ಸು ತಪ್ಪುತ್ತದೆಂದು ಕೊನೆಯ ಪಾಠ ಬಿಟ್ಟು ಓಡುತ್ತಿದ್ದಳು. ಕುರಿ ಸಾಕುವ ಮನೆ, ತಾಯಿಯದೇ ಯಜಮಾನಿಕೆ. ಮಗಳನ್ನು ಸೇರಿಸುವಾಗಲೇ ಆಕೆ ನನಗೆ ಹೇಳಿದ್ದರು:

"ಹಾಸ್ಟ್ಲು ಆಯ್ತದೆ ಅಂದಿದ್ಕೆ ಸೇರುಸ್ತಾ ಇವ್ನಿ ಕಣವ್ವ. ಮೊದಲ್ನೇ ವರ್ಸ ಹೆಂಗೋ ತಡ್ಕಂತೀನಿ. ಎಲ್ಡನೇ ವರ್ಸಾನೂ ಹಿಂಗೇ ಬಸ್ನಾಗೆ ಓಡಾಡ್ಬೇಕು ಅಂದ್ರೆ ಬುಡುಸ್ಬುಡ್ತೀನಿ."

ಆಕೆ ಹೇಳಿದ್ದನ್ನು ಮಾಡುವ ಹೆಂಗಸು ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಹುಡುಗಿ ಚೆನ್ನಾಗಿ ಓದುತ್ತಿದ್ದಳು. ಅವಳು ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ.

೧. ಶಿಕ್ಷಣ ತಜ್ಞರು

ವಿಶ್ವವಿದ್ಯಾಲಯವನ್ನು ನಡೆಸುವ ಮಂಡಳಿಗೆ ಸಿಂಡಿಕೇಟ್ ಎಂದು ಹೆಸರು. ಅದಕ್ಕೆ ಸರ್ಕಾರ ಕೆಲವರನ್ನು 'ಶಿಕ್ಷಣ ತಜ್ಞರು' ಎಂದು ಕರೆದು ಕಳಿಸುತ್ತದೆ. ಆ ಸಲ ನಮ್ಮ ಭಾಗದಿಂದ ಹೋದವರು ಒಬ್ಬ ದೊಡ್ಡ ತೆಂಗು ಬೆಳೆಗಾರರು. ಚುನಾವಣೆಯಲ್ಲಿ ಮಂತ್ರಿಗಳಿಗಾಗಿ ಹಗಲೂ ರಾತ್ರಿ ಓಡಾಡಿದವರು. ಮನುಷ್ಯ ಕೆಟ್ಟವರಲ್ಲ, ನಗುಮುಖದವರು. ನಮ್ಮ ಕೇಂದ್ರಕ್ಕೆ ಮೊದಲ ಸಲ ಬಂದಾಗಲೇ ಕಾಫಿ ಕುಡಿದು, ಹೊಸ ಹಾಸ್ಟೆಲನ್ನು ಸುತ್ತಿ ನೋಡಿ, "ಬೀಗದ ಕೈ ನನ್ನತ್ರಾನೇ ಇರ್ಲಿ, ಸರ್ಕಾರದ ಆಸ್ತಿ, ಭದ್ರವಾಗಿರ್ಬೇಕು" ಎಂದು ಜೇಬಿಗೆ ಹಾಕಿಕೊಂಡರು.

ಅವರಿಗೆ ಸನ್ಮಾನವಿತ್ತು. ಪರಿಚಯ ಭಾಷಣ ಮಾಡಬೇಕಾದವಳು ನಾನು. "ಸಾರ್, ಶಿಕ್ಷಣ ಕ್ಷೇತ್ರದಲ್ಲಿ ತಮ್ಮ ಸೇವೆ?" ಎಂದು ಮೆಲ್ಲಗೆ ಕೇಳಿದೆ.

ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ನಮ್ಮೂರ ಹೈಸ್ಕೂಲು ನಮ್ಮ ತೋಟದ ಬೇಲಿ ಪಕ್ಕದಾಗೇ ಐತೆ ಕಣ್ರೀ ಮೇಡಂ. ಹುಡುಗ್ರು ಬೇಲಿ ಹಾರಿ ಎಳನೀರು ಕಿತ್ಕಂಡು ಕುಡೀತವೆ. ಇದುವರ್ಗೂ ಒಬ್ನ ಮೇಲೂ ಕಂಪ್ಲೇಂಟ್ ಕೊಟ್ಟಿಲ್ಲ."

ವೇದಿಕೆಯಲ್ಲಿ ನಾನು, "ಗ್ರಾಮೀಣ ವಿದ್ಯಾರ್ಥಿಗಳ ಪೌಷ್ಟಿಕತೆಗಾಗಿ ಸದ್ದಿಲ್ಲದೆ ಶ್ರಮಿಸಿದವರು" ಎಂದೆ. ಅವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

೨. ಸ್ವಾಯತ್ತತೆ

ಹಾಸ್ಟೆಲು ತೆರೆಸಿ ಎಂದು ಕುಲಪತಿಗಳಿಗೆ ಮೇಲಿಂದ ಮೇಲೆ ಹೇಳಿದ್ದಕ್ಕೆ ಒಂದು ದಿನ ಅವರೇ ಬಂದರು. ದೊಡ್ಡ ವಿದ್ವಾಂಸರು. ಅವರ ಅವಧಿ ಮುಗಿಯುತ್ತ ಬಂದಿತ್ತು, ಮುಂದಿನ ಅವಧಿ ಮಂತ್ರಿಗಳ ಮನಸ್ಸಿನಲ್ಲಿತ್ತು. ನಾವು ಗೇಟಿನಲ್ಲಿ ಹೂಗುಚ್ಛ ಹಿಡಿದು ನಿಂತಿದ್ದೆವು. ಅವರ ಕಾರು ನಮ್ಮನ್ನು ದಾಟಿ ನೇರ ಸಿಂಡಿಕೇಟ್ ಸದಸ್ಯರ ತೋಟಕ್ಕೆ ಹೋಯಿತು. ಹೂವು ಬಾಡುವ ಹೊತ್ತಿಗೆ ವಾಪಸು ಬಂದರು.

ಆಮೇಲೆ ವಿದ್ಯಾರ್ಥಿಗಳಿಗೆ 'ವಿಶ್ವವಿದ್ಯಾಲಯದ ಸ್ವಾಯತ್ತತೆ' ಎಂಬ ವಿಷಯವಾಗಿ ಉಪನ್ಯಾಸ. "ವಿಶ್ವವಿದ್ಯಾಲಯ ಯಾರ ಮುಂದೆಯೂ ತಲೆ ಬಾಗಬಾರದು" ಎನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನೋಡಿ, ಮೈಕಿನ ಮುಂದೆಯೇ ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ, "ಸಾರ್... ಆಯ್ತು ಸಾರ್... ನೀವು ಹೇಳಿದ ಹಾಗೇ ಸಾರ್" ಎಂದರು. ಮೈಕಿಗೆ ಮುಲಾಜಿಲ್ಲ, ಅಷ್ಟನ್ನೂ ಸಭಾಂಗಣದ ತುಂಬ ಕೇಳಿಸಿತು.

ಫೋನಿಟ್ಟು, ಗಂಟಲು ಸರಿಮಾಡಿಕೊಂಡು, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳಿದರು.

ಹಿಂದಿನ ಬೆಂಚಿನಿಂದ ಯಾರೋ ವಿನಯವಾಗಿ, "'ನೀವು ಹೇಳಿದ ಹಾಗೇ ಸಾರ್' ಅನ್ನೋಲ್ಲಿಗೆ ನಿಲ್ಲಿಸಿದ್ರಿ ಸಾರ್" ಎಂದರು.

೩. ಆಹ್ವಾನ ಪತ್ರಿಕೆ

ಮಂತ್ರಿಗಳ ಡೇಟು ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ಸದಸ್ಯರು ಹೇಳುತ್ತಲೇ ಇದ್ದರು. ಹಾಗೆ ಖಚಿತವೆಂದು ಹೇಳಿ ಆಮೇಲೆ ತಪ್ಪಿಹೋದ ಒಂದು ಡೇಟಿಗೆ ಆಹ್ವಾನ ಪತ್ರಿಕೆಯನ್ನೂ ಮಾಡಿಸಿದೆವು. ಮೂರು ತಾಲ್ಲೂಕಿನ ಶಾಸಕರು, ಮಾಜಿಗಳು, ಮುಂದೆ ಆಗಬಹುದಾದವರು, ಅವರವರ ಅಧ್ಯಕ್ಷರು, ಉಪಾಧ್ಯಕ್ಷರು, ಎಲ್ಲರ ಹೆಸರೂ ಸೇರುತ್ತ ಹೋಗಿ ಕಾರ್ಡು ಮಡಿಕೆಯ ಮೇಲೆ ಮಡಿಕೆಯಾಯಿತು. ಹಂಚಿದ ಮಾರನೆಯ ದಿನ ತಿಪಟೂರಿನಿಂದ ಒಬ್ಬರು ಫೋನು ಮಾಡಿ, "ಮೇಡಂ, ಎಲ್ಲ ಚೆನ್ನಾಗೈತೆ, ಯಾವತ್ತು ಅಂತ ಎಲ್ಲೂ ಇಲ್ವಲ್ಲ?" ಎಂದರು.

ಪ್ರೆಸ್ಸಿನವನನ್ನು ಗದರಿಕೊಂಡೆ. ಅವನು, "ಜಾಗ ಬಿಟ್ಟಿದ್ದೆ ಮೇಡಂ, ಕೊನೇಲಿ ಇನ್ನೊಬ್ರು ಉಪಾಧ್ಯಕ್ಷರು ಬಂದ್ರು" ಎಂದ.

೪. ಮೊದಲ ಬ್ಯಾಚು

ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಆ ಹುಳಿಯಾರಿನ ಕಡೆಯ ಹುಡುಗಿ ನನ್ನ ಕೋಣೆಗೆ ಬಂದು ನಿಂತಳು. ಮುಖದಲ್ಲಿ ನಗುವೋ ಅಳುವೋ ತಿಳಿಯದು.

"ಮೇಡಂ, ಹಾಸ್ಟೆಲಿಗೆ ಆಗ್ಲೇ ಅಡ್ಮಿಷನ್ ಆಗೋಗೈತೆ."

"ಯಾರಿಗೆ?"

"ಬನ್ನಿ, ತೋರುಸ್ತೀನಿ."

ಕಿಟಕಿಯ ಸಂದಿಯಿಂದ ನೋಡಿದೆ. ರೂಮಿನ ತುಂಬ, ನೆಲದಿಂದ ಕಿಟಕಿಯ ಎತ್ತರದವರೆಗೆ, ಸಿಪ್ಪೆ ಸಮೇತ ತೆಂಗಿನಕಾಯಿ. ಪಕ್ಕದ ರೂಮಿನಲ್ಲೂ ಅದೇ. ಕತ್ತೆತ್ತಿ ನೋಡಿದರೆ ಮಹಡಿಯ ಕಿಟಕಿಗಳಲ್ಲೂ ಅದೇ. ರಜೆಯಲ್ಲಿ ನಾವ್ಯಾರೂ ಇಲ್ಲದಾಗ ತುಂಬಿಸಿದ್ದಿರಬೇಕು.

ಈ ಸೀಮೆ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯನ್ನು ಸುಲಿಯದೆ ಸುಮಾರು ಒಂದು ವರ್ಷ ಅಟ್ಟದ ಮೇಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಿಯವರೆಗೆ ಅದಕ್ಕೆ ಬೇಕಾದ್ದು ಗಾಳಿ, ನೆರಳು, ಒಣಗಿದ ಜಾಗ. ಒದ್ದೆಯಾಯಿತೋ, ಕೊಳೆಯಿತು.

ಅಲ್ಲೇ ನಿಂತು ಸದಸ್ಯರಿಗೆ ಫೋನು ಮಾಡಿದೆ. ಅವರಿಗೆ ಒಂದಿಷ್ಟೂ ಮುಜುಗರವಿಲ್ಲ.

"ಅಯ್ಯೋ, ನಮ್ಮನೆ ಅಟ್ಟ ತುಂಬೋಗೈತೆ ಕಣ್ರೀ. ಅಷ್ಟು ಚೆಂದದ ಬಿಲ್ಡಿಂಗು ಸುಮ್ನೆ ಖಾಲಿ ಬಿದ್ದಿತ್ತಲ್ಲ. ಯಾರ್ನೂ ಹತ್ರ ಬಿಡ್ಬೇಡಿ ಮೇಡಂ, ಇನ್ನು ನಾಲ್ಕು ತಿಂಗಳಿಗೆ ಕೊಬ್ಬರಿ ಆಯ್ತದೆ."

"ಮತ್ತೆ ಮಂತ್ರಿಗಳ ಡೇಟು?"

"ಅದೂ ಆವಾಗ್ಲೇ ಸಿಗ್ತದೆ."

ಕುಲಸಚಿವರಿಗೆ ದೂರು ಹೇಳಿದೆ. ಅವರು ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ರೂಮಿಗೆ ಎಷ್ಟು ಕಾಯಿ ಹಿಡಿಸುತ್ತೆ? ನಮ್ಮ ಮಾವನವರೂ ಜಾಗ ಹುಡುಕ್ತಾ ಇದ್ದಾರೆ."

೫. ಸೋರುತ್ತದೋ ಇಲ್ಲವೋ

ಪರೀಕ್ಷೆ ಮುಗಿದು ಎರಡನೇ ವರ್ಷದ ತರಗತಿ ಶುರುವಾಗುವ ಹೊತ್ತಿಗೆ ಹುಡುಗಿಯ ತಾಯಿ ಬಂದರು. ಬಾಗಿಲಲ್ಲೇ ನಿಂತು, "ಸೋಮಾರ್ದಿಂದ ಹದಿನೈದು ದಿನ ನೋಡ್ತೀನಿ ಕಣವ್ವ. ಆಮೇಲೆ ಟೀಸಿ ಕೊಟ್ಬುಡು" ಎಂದು ಹೇಳಿ ಹೋದರು. ಮಗಳು ನನ್ನ ಮುಖ ನೋಡಲಿಲ್ಲ. ದೂರು ಕೊಟ್ಟು ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ಬೇರೆ ದಾರಿ ಯೋಚಿಸಿದೆ.

ಸಂಜೆ ಸದಸ್ಯರಿಗೆ ಬಹಳ ವಿನಯವಾಗಿ ಫೋನು ಮಾಡಿದೆ. "ಸಾರ್, ಹೊಸ ಕಟ್ಟಡದ ತಾರಸಿಗೆ ನೀರು ನಿಲ್ಲಿಸಿ ಸೋರುತ್ತದೋ ಎಂದು ನೋಡಬೇಕು. ಎಲ್ಲ ಕಟ್ಟಡಕ್ಕೂ ಮಾಡುತ್ತಾರೆ. ಸೋಮವಾರ ಇಂಜಿನಿಯರು ಬರುತ್ತಾರೆ, ಟ್ಯಾಂಕರಿಗೂ ಹೇಳಿದ್ದೇನೆ."

"ನೀರಾ? ಎಷ್ಟು ನೀರು?"

"ತಾರಸಿ ತುಂಬ ಸಾರ್."

"ಏನೂ ಬ್ಯಾಡ ಬುಡಿ ಮೇಡಂ. ಗಟ್ಟಿ ಬಿಲ್ಡಿಂಗು, ಸೋರಲ್ಲ."

"ಅದಕ್ಕೇ ನನಗೂ ಧೈರ್ಯ ಸಾರ್. ಕಟ್ಟಿದವರು ನಿಮ್ಮ ಭಾವಮೈದುನರೇ ಅಲ್ಲವೇ?"

ಸದಸ್ಯರು ಫೋನಿಟ್ಟರು.

ಭಾನುವಾರ ಸಂಜೆಯೊಳಗೆ ಟ್ರ್ಯಾಕ್ಟರುಗಳು ಬಂದು ಅಷ್ಟೂ ಕಾಯಿ ಹೊತ್ತುಕೊಂಡು ಹೋದವು. ಸೋಮವಾರ ನೀರು ನಿಲ್ಲಿಸಿದೆವು. ಒಂದು ಹನಿಯೂ ಸೋರಲಿಲ್ಲ. ಭಾವಮೈದುನರಿಗೆ ಭಾರಿ ಬೇಜಾರಾಯಿತಂತೆ. ಜೀವಮಾನದಲ್ಲಿ ಒಂದೇ ಒಂದು ಕಟ್ಟಡ ಸರಿಯಾಗಿ ಕಟ್ಟಿದ್ದರಂತೆ, ಅದನ್ನೂ ಸ್ವಂತ ಭಾವ ನಂಬಲಿಲ್ಲವಲ್ಲ ಎಂದು.

೬. ಉದ್ಘಾಟನೆ

ಕಾಯಿ ಖಾಲಿಯಾದ ಮಾರನೇ ದಿನವೇ ಮಂತ್ರಿಗಳ ಡೇಟು ಸಿಕ್ಕಿತು. ಶಾಮಿಯಾನ, ಬ್ಯಾಂಡು, ಟೇಪು ಕತ್ತರಿಸುವುದು, ಎಲ್ಲ ಆಯಿತು. ಆದರೆ ಸದಸ್ಯರು ನನ್ನ ಕಿವಿಯಲ್ಲಿ, "ವಾರ್ಡನ್ ಆಗಿ ನಮ್ಮ ಕಡೆಯೋರು ಒಬ್ರನ್ನ ಹಾಕೋವರ್ಗೂ ಬೀಗದ ಕೈ ನನ್ನತ್ರಾನೇ ಇರ್ಲಿ" ಎಂದರು. ವಾರ್ಡನ್ ನೇಮಕಕ್ಕೆ ಮತ್ತೊಂದು ವರ್ಷ, ಮತ್ತೊಂದು ಫಸಲು. ಮುಂದಿನ ಸಾಲಿನಲ್ಲೇ ಆ ತಾಯಿ ಹಾಸಿಗೆ ಸುತ್ತಿ ತಂದು ಕೂತಿದ್ದರು. ಪಕ್ಕದಲ್ಲಿ ಮಗಳು, ಅವಳ ಕಾಲ ಬಳಿ ಟ್ರಂಕು.

ಭಾಷಣಗಳು ಮುಗಿಯುವ ಮೊದಲೇ ತಾಯಿ ಎದ್ದು ನಿಂತು ವೇದಿಕೆಯತ್ತ ಕೇಳಿದರು: "ಸ್ವಾಮಿ, ಹೆಣ್ಮಗೀನ ಇಲ್ಲಿ ನಂಬ್ಕಂಡು ಬುಟ್ಟೋಗ್ಬೌದಾ?"

ಮೈಕಿನ ಮುಂದೆ ಇದ್ದವರು ಸದಸ್ಯರು. ಉತ್ಸಾಹ ಉಕ್ಕಿ ಬಂತು.

"ಧೈರ್ಯವಾಗಿ ಬುಟ್ಟೋಗಮ್ಮ. ನಾನೇ ಹತ್ತು ತಿಂಗಳು ಇಟ್ಟು ನೋಡಿವ್ನಿ. ಇಲಿ ಇಲ್ಲ, ಕಳ್ಳರಿಲ್ಲ, ಗಾಳಿ ಚೆನ್ನಾಗಾಡ್ತದೆ. ಒಂದೂ ಕೆಟ್ಟಿಲ್ಲ."

ಕುಲಪತಿಗಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮಂತ್ರಿಗಳಿಗೆ ಏನೂ ಅರ್ಥವಾಗದೆ ಅವರೂ ತಟ್ಟಿದರು.

ತಾಯಿ ಕೂರಲಿಲ್ಲ. ಕಾಯಿಯ ಕತೆ, ಬೀಗದ ಕೈ ಯಾರ ಜೇಬಿನಲ್ಲಿದೆಯೆಂಬುದು, ಎಲ್ಲ ಮಗಳಿಂದ ಗೊತ್ತಾಗಿರಬೇಕು. "ಹಂಗಾರೆ ನಿಮ್ದು ಮುಗೀತಲ್ಲ ಸ್ವಾಮಿ. ಬೀಗದ ಕೈ ಮೇಡಮ್ಮಾರ ಕೈಗೆ ಕೊಟ್ಬುಡಿ."

ಮಂತ್ರಿಗಳು ಇದೂ ಕಾರ್ಯಕ್ರಮದ ಒಂದು ಭಾಗವೆಂದುಕೊಂಡು, "ಕೊಡಿ, ಕೊಡಿ" ಎಂದು ಎದ್ದು ನಿಂತರು. ಮಂತ್ರಿಗಳು ಎದ್ದ ಮೇಲೆ ವೇದಿಕೆಯೆಲ್ಲ ಎದ್ದಿತು. ಸದಸ್ಯರು ಬೇರೆ ದಾರಿಯಿಲ್ಲದೆ ಜೇಬಿಗೆ ಕೈ ಹಾಕಿ, ಬೀಗದ ಕೈ ತೆಗೆದು ನನ್ನ ಅಂಗೈಗೆ ಇಟ್ಟರು.

ಫೋಟೊದವನು ಓಡಿ ಬಂದ. "ಮೇಡಂ, ಸರಿಯಾಗಿ ಬರ್ಲಿಲ್ಲ. ಒಂದ್ಸಲ ವಾಪಸ್ ಸಾರ್ ಕೈಗೆ ಕೊಡಿ, ಇನ್ನೊಂದ್ಸಲ ತಗೊಳ್ಳೋರಂತೆ."

ಸದಸ್ಯರು ನಗುತ್ತ ಕೈ ಚಾಚಿಯೇಬಿಟ್ಟರು. ನಾನು ಬೀಗದ ಕೈಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದೆ.

"ಫೋಟೊ ಬರದಿದ್ದರೆ ಬೇಡ ಬಿಡಪ್ಪ" ಎಂದೆ.