ಬಟಾಣಿಗೆ ಈಜು ಬರುವುದಿಲ್ಲ

"ನಮ್ಮ ವಂಶ ಏಳು ತಲೆಮಾರಿನಿಂದ ಕೆಸು ಬೆಳೀತಿದೆ! ನನಗೆ ಈ ಗೋಲಿ ಗಾತ್ರದ ಬಟಾಣಿ ಯಾವ ಲೆಕ್ಕ? ನೋಡ್ತಿರು ಪಲಾನಿ, ವೈಮೆಯದವರು ಪಾಠ ಕಲಿಯೋಕೆ ಗುಡ್ಡ ಇಳಿದು ನನ್ನ ಹತ್ರ ಬರಬೇಕು. ಅಂಥಾ ಬೆಳೆ ತೆಗೀತೀನಿ!"

ನಮ್ಮ ದ್ವೀಪದ ವೈಪಿಯೋ ಕಣಿವೆಯ ಕಾಲುವೆ ದಂಡೆಯ ಮೇಲೆ, ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡು ನಿಂತು ನಹೋವಾ ಈ ಘೋರ ಪ್ರತಿಜ್ಞೆ ಮಾಡಿದಾಗ ಸಭೆಯಲ್ಲಿದ್ದವರು ಪಕ್ಕದ ಗದ್ದೆಯ ಪಲಾನಿ ಮತ್ತು ಒಂದಷ್ಟು ಬಾತುಕೋಳಿಗಳು. ಪಲಾನಿ ಹಲ್ಲುಬಿಟ್ಟು ನಕ್ಕ. ಬಾತುಕೋಳಿಗಳು ಮಾತ್ರ ಬಹಳ ಆಸಕ್ತಿಯಿಂದ ಕೇಳಿಸಿಕೊಂಡವು. ಯಾಕೆ ಎಂಬುದು ಆಮೇಲೆ ಗೊತ್ತಾಯಿತು.

ಪ್ರತಿಜ್ಞೆ ಘನವಾಗಿತ್ತೇ ಹೊರತು ಅದರ ಹಿಂದಿನ ಕಥೆ ಅಷ್ಟೇನೂ ಘನವಾದದ್ದಲ್ಲ. ನಹೋವಾನ ಹೆಂಡತಿ ಮೋಮಿ ಅವನನ್ನು ಬಿಟ್ಟು, ಗುಡ್ಡದ ಮೇಲಿನ ವೈಮೆಯದಲ್ಲಿರುವ ತಂಗಿಯ ಮನೆ ಸೇರಿಕೊಂಡಿದ್ದಳು. ವೈಮೆಯ ಅವಳ ತವರು. ಚಳಿಯ ಊರು, ಅಲ್ಲಿ ಮನೆಮನೆಯ ಹಿತ್ತಿಲಲ್ಲೂ ಬಟಾಣಿ ಬಳ್ಳಿ. ಒಂದು ಬುಟ್ಟಿ ಹಸಿ ಬಟಾಣಿ ಬೆಳೆದು ಅವಳ ಎದುರಿಗಿಟ್ಟರೆ ಅವಳು ಕರಗಿ ನೀರಾಗಿ ಹಿಂದಿರುಗುತ್ತಾಳೆ ಎಂಬುದು ಇವನ ಲೆಕ್ಕಾಚಾರ. ಅಷ್ಟೆಲ್ಲ ಯಾಕೆ, ಹೋಗಿ ‘ತಪ್ಪಾಯ್ತು’ ಅಂದರೆ ಸಾಲದೆ ಎಂದು ನೀವು ಕೇಳಬಹುದು. ಅದಕ್ಕಿಂತ ಬಟಾಣಿ ಬೆಳೆಯುವುದು ಸುಲಭ ಎಂದು ಯಾವ ಗಂಡನಾದರೂ ಹೇಳಿಯಾನು!

ಅವನ ತಪ್ಪು ತಿಳಿಯಬೇಕಾದರೆ ಇದು ಗೊತ್ತಿರಬೇಕು: ನಮ್ಮಲ್ಲಿ ಕೆಸು ಬರೀ ಗೆಡ್ಡೆಯಲ್ಲ, ಮನುಷ್ಯರಿಗೆಲ್ಲ ಹಿರಿಯಣ್ಣ. ಬೇಯಿಸಿದ ಕೆಸುವನ್ನು ಕುಟ್ಟಿ ಮಾಡಿದ ಪೋಯಿಯ ಬಟ್ಟಲಿನ ಮುಚ್ಚಳ ತೆಗೆದರೆ ಆ ಅಣ್ಣನೇ ಬಂದು ನಮ್ಮ ನಡುವೆ ಕೂತಂತೆ. ಅವನ ಎದುರಿನಲ್ಲಿ ಜಗಳ, ಬೈಗುಳ, ಮೂದಲಿಕೆ ಯಾವುದೂ ಕೂಡದು. ಹಿರಿಯರು ಈ ಕಟ್ಟಳೆ ಮಾಡಿದ್ದು ಮನೆಯಲ್ಲಿ ಶಾಂತಿ ಇರಲಿ ಎಂದು. ನಹೋವಾ ಅದನ್ನು ಬ್ರಹ್ಮಾಸ್ತ್ರ ಮಾಡಿಕೊಂಡ! ಮೋಮಿ "ನೋಡು, ನಾನು ಅವತ್ತೇ ಹೇಳಿದ್ದೆ..." ಎಂದು ಬಾಯಿ ತೆರೆಯುವುದೇ ತಡ, ಇವನು ಬಟ್ಟಲು ತೆರೆಯುತ್ತಿದ್ದ. ಹಸಿವಿರಲಿ, ಇಲ್ಲದಿರಲಿ. ಹೊಟ್ಟೆ ಗುಡಾಣವಾಯಿತು, ಆದರೆ ಮನೆಯಲ್ಲಿ ಜಗಳವೇ ಇಲ್ಲ. ಅಜ್ಜಿಯ ಕೈಯಲ್ಲಿ ಭಯಭಕ್ತಿಯಿಂದ ಬೆಳೆದ ಮೋಮಿ ಪ್ರತಿ ಸಲವೂ ಪೋಯಿಯ ಜೊತೆ ಮಾತನ್ನೂ ನುಂಗಿಕೊಂಡಳು.

ಹೊರಟು ನಿಂತ ದಿನ ಚೀಲ ಹಿಡಿದು, ಬಾಗಿಲಲ್ಲಿ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ನಹೋವಾನ ಕೈ ಅಭ್ಯಾಸಬಲದಿಂದ ಮುಚ್ಚಳಕ್ಕೆ ಹೋಯಿತು. ಅವಳು ತೆರೆದ ಬಟ್ಟಲನ್ನು ನೋಡಿದಳು, ತಲೆ ತಗ್ಗಿಸಿದಳು, ಒಂದು ಮಾತೂ ಆಡದೆ ಹೋದಳು. ಏನು ಹೇಳಬೇಕೆಂದಿದ್ದಳು ಎಂಬುದು ಅವನಿಗೆ ಇವತ್ತಿಗೂ ತಿಳಿಯದು. ಮಕ್ಕಳಿಲ್ಲದ ಮನೆ. ಈಗ ಬಟ್ಟಲು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ಸರಿ, ಬಟಾಣಿ ಯಜ್ಞ ಆರಂಭವಾಯಿತು. ಹುಟ್ಟಿದಾಗಿನಿಂದ ನಹೋವಾ ಕಂಡದ್ದು ಒಂದೇ ಬೇಸಾಯ: ಹರಿಯುವ ನೀರು, ಕೆಸರು, ಅದರಲ್ಲಿ ಊರುವುದು. ಗಿಡ ಅಂದಮೇಲೆ ಕಾಲು ನೀರಿನಲ್ಲಿರಬೇಕು, ಅಷ್ಟೇ! ಅತ್ಯುತ್ತಮವಾದ ಗದ್ದೆಯೊಂದನ್ನು ಆರಿಸಿ, ನೀರು ತುಂಬಿಸಿ, ಬಟಾಣಿ ಬಿತ್ತಿದ. ಕಾಳು ಮುಳುಗಿದವು. ಬಾತುಕೋಳಿಗಳು ಬಂಧುಬಳಗ ಸಮೇತ ಬಂದು ಔತಣ ಮುಗಿಸಿಕೊಂಡು ಹೋದವು.

ವಿಧಿಯಿಲ್ಲದೆ ನಾದಿನಿ ಉಲುವೆಹಿಗೆ ಫೋನು ಮಾಡಿದ.

"ಭಾವ, ಬಟಾಣಿಗೆ ಈಜು ಬರಲ್ಲ!" ಅವಳು ನಗು ತಡೆಯಲಾರದೆ ಹೇಳಿದಳು. "ಒಣ ನೆಲದಲ್ಲಿ ಏರಿ ಮಾಡಿ ಹಾಕಿ. ನೀರು ಹದವಾಗಿ, ಕೈಯಲ್ಲಿ ಚಿಮುಕಿಸಿ. ಹೆಂಗಸರನ್ನ ಮಾತಾಡಿಸಿದ ಹಾಗೆ."

"ಹಾಗಂದ್ರೆ?"

"ಅದೇ ಗೊತ್ತಿಲ್ವಲ್ಲ ನಿಮಗೆ! ಅಕ್ಕ ಇಲ್ಲೇ ಇದಾಳೆ. ಕೊಡ್ಲಾ?"

 ಫೋನಿನಲ್ಲಿ ಮುಚ್ಚಳ ತೆಗೆಯುವ ಅನುಕೂಲವಿಲ್ಲ. "ಬೇಡ ಬೇಡ... ಬಟಾಣಿ ವಿಚಾರ ಅಷ್ಟೇ," ಎಂದು ನಹೋವಾ ಇಟ್ಟುಬಿಟ್ಟ. ಆಮೇಲೆ ಸಂಜೆಯವರೆಗೂ ಫೋನನ್ನೇ ನೋಡುತ್ತ ಕೂತ.

ಎರಡನೆಯ ಸಲ ಮನೆಯ ಪಕ್ಕ, ಕಾಲುವೆಗೆ ಹೊಂದಿಕೊಂಡ ಎತ್ತರದ ತುಣುಕಿನಲ್ಲಿ ಬಿತ್ತಿದ. ಬಟಾಣಿ ಮೊಳೆಯಿತು! ಮಾತಿಗೆ ಬೇರೆ ಯಾರೂ ಇಲ್ಲದ್ದರಿಂದ ಬಟಾಣಿಗೇ ಭಾಷಣ ಶುರುವಾಯಿತು.

"ನಮ್ಮ ಕೆಸುವನ್ನ ನೋಡಿ ಕಲೀರಿ. ವರ್ಷವಿಡೀ ನೀರಲ್ಲಿ ನಿಂತಿರುತ್ತೆ, ಯಾರ ಹಂಗೂ ಇಲ್ಲ. ಗೆಡ್ಡೆ ಕಿತ್ತು ದಂಟು ಊರಿದ್ರೆ ಅದೇ ಗಿಡ ಮತ್ತೆ ಬರುತ್ತೆ. ನೀವೋ! ಎರಡು ತಿಂಗಳ ಬಾಳು, ಅದಕ್ಕೂ ಕೋಲು ಬೇಕು. ಊರುಗೋಲಿಲ್ಲದೆ ನಿಲ್ಲೋಕಾಗಲ್ವಾ? ನಾನಂತೂ ಕೊಡಲ್ಲ!"

ಕೊಡಲಿಲ್ಲ. ಒಂದು ಸಂಜೆ ನೋಡುತ್ತಾನೆ, ಆಸರೆ ಸಿಗದ ಬಳ್ಳಿಗಳು ದಾರದಂಥ ಕುಡಿಗಳನ್ನು ಚಾಚಿ ಒಂದನ್ನೊಂದು ಹಿಡಿದುಕೊಂಡಿವೆ. ಎಲ್ಲವೂ ಸೇರಿ ನೆಲಕ್ಕೆ ಬಿದ್ದಿದ್ದರೂ ಹಿಡಿದ ಕೈ ಬಿಟ್ಟಿಲ್ಲ. ನಹೋವಾ ಕುಕ್ಕರಗಾಲಿನಲ್ಲಿ ಕೂತು ಒಂದು ಕುಡಿಯ ಮುಂದೆ ತನ್ನ ಬೆರಳು ಹಿಡಿದ. ಕತ್ತಲಾಗುವವರೆಗೂ ಹಿಡಿದೇ ಇದ್ದ. ತಾನು ಒಂಟಿ ಎಂಬುದು ಅವನಿಗೆ ಅಷ್ಟು ಸ್ಪಷ್ಟವಾಗಿ ತಿಳಿದದ್ದು ಆಗಲೇ. ಮರುದಿನ ಬೆಳಿಗ್ಗೆ ಬಿದಿರು ಸೀಳಿ ಪ್ರತಿ ಬಳ್ಳಿಗೂ ಒಂದೊಂದು ಕೋಲು ನೆಟ್ಟ.

ಬಿಳಿ ಹೂವಾಯಿತು. ಎಳೆ ಕಾಯಿ ಕಚ್ಚಿತು. ಇನ್ನೇನು ಬುಟ್ಟಿ ಹೊಂದಿಸಬೇಕು, ಅಷ್ಟರಲ್ಲಿ ಮಳೆ ಹಿಡಿಯಿತು. ಕಾಲುವೆ ತುಂಬಿ, ಬದು ಒಸರಿ, ಬಟಾಣಿಯ ಬುಡ ಹಳದಿಗೆ ತಿರುಗಿತು. ನಹೋವಾನಿಗೆ ತಲೆ ಕೆಟ್ಟಿತು. ಏಳು ತಲೆಮಾರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಕಲ್ಲು, ಮರದ ತುಂಡು, ಹಳೆಯ ತಗಡು ತಂದು ಮೇಲಿನಿಂದಲೇ ಕಾಲುವೆ ಕಟ್ಟಿ, ನೀರನ್ನೆಲ್ಲ ಹೊಳೆಗೆ ತಿರುಗಿಸಿಬಿಟ್ಟ!

ಮಳೆ ನಿಂತು ಬಿಸಿಲು ಬಂತು. ಬಟಾಣಿ ಚೇತರಿಸಿಕೊಂಡಿತು. ಆ ಖುಷಿಯಲ್ಲಿ ಕಾಲುವೆಯ ಕಟ್ಟೆ ಮರೆತೇಹೋಯಿತು. ಕೆಳಗಿನ ಗದ್ದೆಗಳಲ್ಲಿ ಹರಿವಿಲ್ಲದೆ ನಿಂತ ನೀರು ಬೆಚ್ಚಗಾಗಿ ಎಲ್ಲರ ಕೆಸು ಕೊಳೆಯತೊಡಗಿತು. ನಮ್ಮಲ್ಲಿ ಹೆಂಡತಿ ಬಿಟ್ಟುಹೋದವನನ್ನು ಕ್ಷಮಿಸಬಹುದು, ನೀರು ಕಟ್ಟಿದವನನ್ನಲ್ಲ.

ಇಡೀ ಕಣಿವೆ ಅವನ ಜಗಲಿಗೆ ಬಂತು.

"ಲೋ, ನಿನಗೆ ಬುದ್ಧಿ ನೆಟ್ಟಗಿದೆಯೇನೋ?" ಪಲಾನಿ ಗುಡುಗಿದ. "ಹೆಂಡತಿ ಹೋದ್ಲು ಅಂತ ನಮ್ಮ ಹೊಟ್ಟೆಗೂ ಕಲ್ಲು ಹಾಕ್ತೀಯಾ?"

"ಅಣ್ಣ ಕೆಸುವನ್ನ ಸಾಯಿಸಿ ಯಾವುದೋ ಬಟಾಣೀನ ಕಾಪಾಡ್ತಿದಾನೆ!" ಹಿಂದಿನಿಂದ ಇನ್ನೊಬ್ಬರು.

ನಹೋವಾನಿಗೆ ಭಯವಾಗಬೇಕಿತ್ತು. ಆದದ್ದು ಸಂತೋಷ! ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ಜನರ ದನಿ ಕೇಳಿ! "ಬನ್ನಿ, ಬನ್ನಿ, ಒಳಗೆ ಬಂದು ಬೈಯಿರಿ," ಎಂದು ಚಾಪೆ ಹಾಸಿದ, ಮೀನು ತಂದ. ಬಂದವರಿಗೆ ಬಡಿಸದೆ ಇರಲಾದೀತೆ? ಆ ಸಡಗರದಲ್ಲಿ ಪೋಯಿ ಬಟ್ಟಲಿನ ಮುಚ್ಚಳವನ್ನೂ ತೆಗೆದ.

ಗಪ್‌ಚಿಪ್!

ಪಲಾನಿಯ ಎತ್ತಿದ ಕೈ ಇಳಿಯಿತು. ಎಲ್ಲರೂ ಕೂತು ತಣ್ಣಗೆ ಉಂಡರು. ಒಬ್ಬರು ಮೋಡ ಚೆನ್ನಾಗಿದೆ ಅಂದರು, ಇನ್ನೊಬ್ಬರು ಹೌದು ಅಂದರು. ಬೆರಳು ನೆಕ್ಕಿ, ಎದ್ದು, ಹೋದರು. "ಇನ್ನೂ ಸ್ವಲ್ಪ ಬೈಯಬಹುದಿತ್ತು..." ಎಂದು ನಹೋವಾ ಬಾಗಿಲವರೆಗೂ ಹಿಂದೆ ಹೋದ. ಕೊನೆಗೆ ಉಳಿದವಳು ಕಣಿವೆಗೆಲ್ಲ ಹಿರಿಯಳಾದ ಹನಾ ಅಜ್ಜಿ. ಅವಳು ಅಂಗಳಕ್ಕೆ ಇಳಿದು, ಬಟ್ಟಲು ಮರೆಯಾದ ಮೇಲೆ ಬಾಯಿ ತೆರೆದಳು.

"ಬಟ್ಟಲು ತೆರೆದ್ರೆ ಜಗಳ ನಿಲ್ಲುತ್ತೆ ಮಗಾ. ಮುಗಿಯಲ್ಲ."

ಪಲಾನಿ ಮತ್ತವನ ಕಡೆಯವರು ಹೋಗುತ್ತ ಕಾಲುವೆಯ ಕಟ್ಟೆಯನ್ನು ಒಮ್ಮೆಗೇ ಕಿತ್ತೊಗೆದರು. ನುಗ್ಗಿದ ನೀರು ಬದುವನ್ನು ಹಾದು, ಬಟಾಣಿಯನ್ನು ಕೋಲು ಸಮೇತ ಕೊಚ್ಚಿಕೊಂಡು ಹೋಯಿತು. ನಹೋವಾನಿಗೆ ಸಿಕ್ಕಿದ್ದು ಕೆಸರಲ್ಲಿ ತಡಕಾಡಿ ಹೆಕ್ಕಿದ ಒಂದು ಮುಷ್ಟಿ ಕಾಯಿ. ಅದನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತ. ಆ ರಾತ್ರಿ ಊಟ ಸೇರಲಿಲ್ಲ.

ಪಲಾನಿಯ ಬಾಯಲ್ಲಿ ಬಿದ್ದ ಸುದ್ದಿ ಗುಡ್ಡ ಹತ್ತಲು ಎಷ್ಟು ಹೊತ್ತು? ಮರುದಿನ ಮಧ್ಯಾಹ್ನ ಉಲುವೆಹಿಯ ಗಾಡಿ ಅಂಗಳದಲ್ಲಿ ನಿಂತಿತು. ಇಂಜಿನ್ ಆರಿಸಲಿಲ್ಲ. ಮೋಮಿ ಒಬ್ಬಳೇ ಇಳಿದು ಒಳಗೆ ಬಂದಳು.

"ಕಾಲುವೆಗೆ ಕಲ್ಲು ಹಾಕಿದ್ಯಂತೆ?"

"ಹೂಂ."

"ಯಾಕೆ?"

"ಬಟಾಣಿ ನೆನೀಬಾರ್ದು ಅಂತ."

"ನಿನಗ್ಯಾಕೆ ಬಟಾಣಿ?"

ನಹೋವಾ ಮೇಜಿನ ಮೇಲಿನ ಕಾಯಿಗಳತ್ತ ಕೈ ತೋರಿಸಿದ. ಮೋಮಿ ಬಾಡಿದ ಆ ಒಂದು ಮುಷ್ಟಿಯನ್ನು ನೋಡಿ, ಗಂಡನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದಳು. ಹಾಳು ಕೈ! ಆಗಲೇ ಮುಚ್ಚಳದ ಮೇಲಿತ್ತು. ಅರ್ಧ ಎತ್ತಿಯೂ ಆಗಿತ್ತು. ಅವಳ ಬಾಯಿ ಮುಚ್ಚಿಕೊಳ್ಳುವುದನ್ನು ಅವನು ಕಣ್ಣಾರೆ ಕಂಡ.

ಮುಚ್ಚಳವನ್ನು ಇದ್ದಲ್ಲಿಗೇ ಒತ್ತಿದ. ಬಟ್ಟಲನ್ನು ಬಟ್ಟೆಯಲ್ಲಿ ಬಿಗಿದು ಒಳಕೋಣೆಯಲ್ಲಿಟ್ಟು, ಬಾಗಿಲು ಹಾಕಿ ಬಂದ.

"ನೀನು ಏನೋ ಹೇಳ್ಬೇಕು ಅಂತಿದ್ದೆ. ಹೇಳು."

"ಎಲ್ಲಾನೂ?"

"ಎಲ್ಲಾನೂ," ಎಂದ ನಹೋವಾ, ಮಹಾ ತ್ಯಾಗಿಯಂತೆ.

ಮೋಮಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಉಲೂ, ನೀನು ಹೊರಡು. ನಂದು ತಡ ಆಗುತ್ತೆ," ಎಂದು ಕೂಗಿದಳು. ಕುರ್ಚಿ ಎಳೆದುಕೊಂಡಳು. ಶುರು ಮಾಡಿದಳು.

ಅಬ್ಬಬ್ಬಾ! ಅಂಗೈಯಗಲ ಒಣ ನೆಲ ಕೇಳಿದ್ದು, ಇವನು ಕೊಡದಿದ್ದದ್ದು, ಅತ್ತೆ ಅಂದದ್ದು, ಇವನು ಕೇಳಿಯೂ ಕೇಳದಂತೆ ಮೀನು ಮುರಿಯುತ್ತ ಕೂತದ್ದು. ಸಣ್ಣದು, ದೊಡ್ಡದು, ಒಂದೂ ಬಿಡಲಿಲ್ಲ. ನಡುವೆ ಒಮ್ಮೆ ಅತ್ತಳು, ಒಮ್ಮೆ ನಕ್ಕಳು. ನಹೋವಾನ ಕಿವಿ ಕೆಂಪಾಯಿತು, ತಲೆ ಬಾಗಿತು, ಕಣ್ಣು ಒದ್ದೆಯಾಯಿತು. ಸೂರ್ಯ ಕಣಿವೆಯ ಗೋಡೆಯ ಹಿಂದೆ ಇಳಿದ. ಹಿಂದಿನ ರಾತ್ರಿಯಿಂದ ಖಾಲಿಯಿದ್ದ ಹೊಟ್ಟೆ ಗುರ್ ಎಂದಿತು.

"ಮೋಮಿ," ಎಂದ ಮೆಲ್ಲಗೆ, "ಎಲ್ಲಾ ಒಪ್ಕೊಂಡೆ. ಮುಗೀತಲ್ಲ? ಊಟ ಮಾಡೋಣ್ವಾ?"

"ಕೂತ್ಕೋ!" ಎಂದಳು ಮೋಮಿ. "ಈಗಿನ್ನೂ ಮದುವೆಯಾದ ವರ್ಷದ ಕ್ರಿಸ್‌ಮಸ್ಸಿಗೆ ಬಂದಿದೀನಿ."