ಕಾಕಾನ ಮೂರನೆಯ ಕೈ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಮ್ಮ ಕಾಕಾ ತಮ್ಮ ಎಡಗೈಯೂ ಒಂದು ಹಲಗೆ ಎಂದು ತಿಳಿದರು. ಈ ಕತೆ ಅಲ್ಲಿಂದ ಶುರು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಬೇಡಿ. ನಾನು ಕಮಲಾಪುರದವಳು, ಕಲಬುರಗಿಯಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೇನೆ, ಚಿಕ್ಕಂದಿನಿಂದಲೂ ದಿನಚರಿ ಬರೆಯುತ್ತೇನೆ. ಹಾಲಿನವನು ತಡಮಾಡಿ ಬಂದರೂ ತಾರೀಖು ಹಾಕಿ ಬರೆದಿಡುವವಳು ಇದನ್ನು ಬಿಟ್ಟೇನೆ?

ಕಾಕಾನಷ್ಟು ಕಟ್ಟುನಿಟ್ಟಾಗಿ ಅಳತೆ ಮಾಡುವ ಮನುಷ್ಯ ಇಡೀ ಕಲಬುರಗಿಯಲ್ಲಿ ಸಿಗಲಿಕ್ಕಿಲ್ಲ. ಅವರಷ್ಟು ಸೊಟ್ಟ ಸಾಮಾನು ಮಾಡುವವರೂ ಸಿಗಲಿಕ್ಕಿಲ್ಲ! ವಾರವಿಡೀ ಕಚೇರಿಯಲ್ಲಿ ಗುಮಾಸ್ತಿಕೆ. ಭಾನುವಾರ ಬಂತೆಂದರೆ ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಬಡಗಿತನ. ಅದನ್ನು ಕಾಕಾ ‘ಫ್ಯಾಕ್ಟರಿ’ ಎನ್ನುತ್ತಾರೆ, ಕಾಕಿ ‘ಕಸದ ಕೋಲಿ’, ಅಂದರೆ ಕಸದ ಕೋಣೆ, ಎನ್ನುತ್ತಾರೆ. ಅಲ್ಲಿ ತಯಾರಾದ ಒಂದು ಸ್ಟೂಲು ಮೂರು ಕಾಲು ನೆಲಕ್ಕೂರಿ, ನಾಲ್ಕನೆಯದನ್ನು ಸದಾ ನಮಸ್ಕಾರಕ್ಕೆ ಎತ್ತಿಕೊಂಡಂತೆ ನಿಂತಿರುತ್ತದೆ. ಚಪ್ಪಲಿ ಇಡುವ ಕಪಾಟೊಂದಿದೆ. ಕಾಕಾ ತಮ್ಮ ಬೂಟಿನ ಅಳತೆ ತೆಗೆದು ಎಷ್ಟು ಬರೋಬ್ಬರಿ ಮಾಡಿದ್ದಾರೆಂದರೆ, ಒಳಗೆ ಹೋದ ಬೂಟು ಇನ್ನೂ ಹೊರಗೆ ಬಂದಿಲ್ಲ!

ಆ ಭಾನುವಾರ ತಯಾರಾಗುತ್ತಿದ್ದುದು ರೊಟ್ಟಿ ಬಡಿಯುವ ಮೇಜು. ಕಾಕಿಗೆ ಮೊಣಕಾಲು ನೋವು. ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. ಇನ್ನು ಮುಂದೆ ನಿಂತುಕೊಂಡೇ ಬಡಿಯಲಿ ಎಂದು ಕಾಕಾ ಸ್ಟೇಶನ್ ಬಜಾರಕ್ಕೆ ಹೋಗಿ ಸಾಗವಾನಿ ಹಲಗೆಯನ್ನೂ ಹೊಸದೊಂದು ಕಟರ್ ಮಷಿನ್ನನ್ನೂ ತಂದಿದ್ದರು. ಆ ಮಷಿನ್ ಕಿರುಚುತ್ತಿದ್ದರೆ ಓಣಿಯ ನಾಯಿಗಳು ಮುಂದಿನ ಓಣಿಗೆ ವಲಸೆ ಹೋಗುತ್ತಿದ್ದವು.

ಹನ್ನೊಂದು ಹತ್ತಕ್ಕೆ ಕಿರುಚಾಟ ಥಟ್ಟನೆ ನಿಂತಿತು. ಕೆಳಗೆ ಕಾಕಿ ರೊಟ್ಟಿ ಬಡಿಯುವ ಸಪ್ಪಳವಷ್ಟೇ ಕೇಳುತ್ತಿತ್ತು. ಕಾಕಾ ಎಡಗೈಗೆ ಟುವಾಲು ಸುತ್ತಿಕೊಂಡು ಮೆಟ್ಟಿಲಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಏನಿಲ್ಲ, ಸ್ವಲ್ಪ ಅಳತಿ ತಪ್ಪ್ಯಾದ.”

“ದಿನಾ ತಪ್ತದ. ಇವತ್ತೇನು ಹೊಸಾದು?” ಕಾಕಿ ತಲೆ ಎತ್ತಲಿಲ್ಲ.

“ಇವತ್ತು ಕೈಮ್ಯಾಲ ತಪ್ಪ್ಯಾದ.”

ಕಾಕಿ ತಲೆ ಎತ್ತಿದರು. ಟುವಾಲು ಕೆಂಪಾಗಿತ್ತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರ್ರಗಾದರೂ ಆ ಮನೆಯಲ್ಲಿ ಅದನ್ನು ತಿರುವಿ ಹಾಕುವವರಿರಲಿಲ್ಲ. ಪಕ್ಕದ ಮನೆಯ ಖಾದರ್ ಚಾಚಾ, “ಅರೆ ಭಾಯಿ, ಕ್ಯಾ ಕರ್ ಲಿಯೆ!” ಎನ್ನುತ್ತ ಸ್ಕೂಟರ್ ತೆಗೆದರು. ಹಿಂದಿನ ಸೀಟಿನಲ್ಲಿ ಕೂತ ಕಾಕಾ ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿ ಕೂಗಿದ್ದೇನು ಗೊತ್ತೆ? “ಹಲಗಿ ಬಿಸಿಲಾಗ ಬಿಡಬ್ಯಾಡವ್ವಾ, ಸೊಟ್ಟ ಆಗ್ತದ!”

ಬೆರಳು ಐದೂ ಉಳಿದವು. ಆದರೆ ಅಂಗೈಗೆ ಅಡ್ಡಲಾಗಿ ಕೊಯ್ದಿದ್ದರಿಂದ ಬೆರಳಾಡಿಸುವ ನರಗಳನ್ನು ಡಾಕ್ಟರು ಆಪರೇಶನ್ ಮಾಡಿ ಜೋಡಿಸಬೇಕಾಯಿತು. ಮನೆಗೆ ಬಂದ ಸಂಜೆ ಕಾಕಿ ಆಡಿದ್ದು ಒಂದೇ ಮಾತು. “ನನ್ನ ಮೊಣಕಾಲ್ ನೋವಾದ್ರ ನಿಮ್ಮ ಕೈ ಯಾಕ ಕೊಯ್ಕೋಬೇಕ್ರೀ?” ಮರುದಿನ ಕಾಕಿ ಫ್ಯಾಕ್ಟರಿಗೆ ಬೀಗ ಜಡಿದರು. ಆ ಬೀಗ ಅವರ ಬಾಯಿಗೂ ಬಿತ್ತು. “ಊಟಕ್ಕ ಬರ್ರಿ”, “ಗುಳಿಗಿ ತಗೋರಿ” ಎಂಬೆರಡು ಮಾತು ಬಿಟ್ಟರೆ ಗಂಡನೊಂದಿಗೆ ಮೂರನೆಯ ಮಾತಿಲ್ಲ.

ನೋಡಲು ಬಂದವರಿಗೇನು ಕಡಿಮೆ? ಯಾರು ಯಾವ ಮದ್ದು ಹೇಳಿದರು ಎಂದು ನಾನು ಒಂದು ಪಟ್ಟಿ ಮಾಡುತ್ತ ಬಂದೆ. ಅರಿಸಿನದವರು ಹನ್ನೊಂದು ಮಂದಿ, ಎಳ್ಳೆಣ್ಣೆಯವರು ಏಳು. ಇಬ್ಬರು ತಮ್ಮ ಸಂಬಂಧಿಕರೊಬ್ಬರ ಕೈ ಕೊಳೆತುಹೋದ ಕತೆಯನ್ನು ಬಿಸಿ ಚಹಾದೊಂದಿಗೆ ಸವಿಸ್ತಾರವಾಗಿ ಹೇಳಿ ಧೈರ್ಯ ತುಂಬಿದರು. ಕಾಕಾ ಎಲ್ಲರಿಗೂ ಬಲಗೈಯಿಂದ ಗಾಳಿಯಲ್ಲಿ ಚಿತ್ರ ಬರೆದು ಅಪಘಾತವನ್ನು ವಿವರಿಸುತ್ತಿದ್ದರು. ಒಂದು ದಿನ ವಿವರಣೆಯ ರಭಸಕ್ಕೆ ಚಹಾದ ಕಪ್ಪು ಹಾರಿಹೋಗಿ, ಬಂದವರೇ ಡಾಕ್ಟರನ್ನು ನೋಡುವ ಹಾಗಾಯಿತು!

ನಿಜವಾದ ತೊಂದರೆ ಬೇರೆಯೇ ಇತ್ತು. ನಮ್ಮ ಮನೆಗಳಲ್ಲಿ ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಎಡಗೈಯೇ ಪೀಠ. ಬಲಗೈ ವಿಭೂತಿ ಧರಿಸುತ್ತದೆ, ಪತ್ರಿ ಏರಿಸುತ್ತದೆ. ಪೂಜೆಯಾಗದೆ ಕಾಕಾ ಚಹಾ ಕೂಡ ಮುಟ್ಟುವವರಲ್ಲ. ಎಡಗೈಗೆ ದೊಡ್ಡ ಬ್ಯಾಂಡೇಜು ಬಿದ್ದ ಮೇಲೆ ಲಿಂಗವನ್ನು ಬಲಗೈಯಲ್ಲಿ ಇಟ್ಟುಕೊಂಡರು. ಹಾಗಾದರೆ ವಿಭೂತಿ ಧರಿಸುವವರು ಯಾರು? ಬ್ಯಾಂಡೇಜೇ! ವಾರದ ನಂತರ ಡ್ರೆಸ್ಸಿಂಗ್ ಬದಲಿಸಲು ಹೋದಾಗ ಡಾಕ್ಟರು ಗಾಬರಿಯಾದರು. “ಇದಕ್ಕ ಪೌಡರ್ ಯಾರು ಹಚ್ಚ್ಯಾರ್ರೀ?”

ಏಪ್ರಿಲ್ ಕೊನೆಗೆ ಪಟ್ಟಿ ಬಿಚ್ಚಿದರು. ಬೆರಳುಗಳು ಒಳಕ್ಕೆ ಮಡಿಚಿಕೊಂಡು ಕೈ ನಿಂಬೆಹಣ್ಣು ಹಿಡಿದಂತೆ ನಿಂತುಬಿಟ್ಟಿತ್ತು. ಬಿಡಿಸಲು ಹೋದರೆ ನಡುಗುತ್ತಿತ್ತು. ಡಾಕ್ಟರು ವ್ಯಾಯಾಮ ತೋರಿಸಿಕೊಟ್ಟರು. ಕಾಕಾ ಒಂದೇ ಪ್ರಶ್ನೆ ಕೇಳಿದರು.

“ಅಂಗೈ ಸಪಾಟ ಆಗ್ತದೇನ್ರೀ?”

“ದಿನಾ ಬೆರಳು ಎಳದು ಎಳದು ಬಿಡಸ್ಬೇಕ್ರಿ. ಪೂರ್ತಿ ಆಗ್ತದಂತ ಈಗೇ ಹೇಳಾಕ ಬರಂಗಿಲ್ಲ.”

ಬರುವ ದಾರಿಯಲ್ಲಿ ಕಾಕಾ ಆಟೋದವನೊಂದಿಗೆ ಕೂಡ ಮಾತಾಡಲಿಲ್ಲ. ಆಟೋದವನೊಂದಿಗೆ ಮಾತಾಡದ ಕಾಕಾನನ್ನು ನಾನು ನೋಡಿದ್ದು ಅದೇ ಮೊದಲು. ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು.

ಆದರೆ ಸುಮ್ಮನಿರುವ ಜಾತಿಯೇ ಅವರದು? ಮೇ ತಿಂಗಳ ಒಂದು ಮಧ್ಯಾಹ್ನ ಕಾಕಿ ಯಾರದೋ ಸೀಮಂತಕ್ಕೆ ಹೋಗಿದ್ದರು. ನಾನು ಮಾಳಿಗೆ ಹತ್ತಿ ನೋಡಿದರೆ ಬೀಗ ಬೀಗದ ಜಾಗದಲ್ಲೇ ಇತ್ತು, ಬಾಗಿಲೇ ಇರಲಿಲ್ಲ! ಕಾಕಾ ಬಲಗೈಯೊಂದರಿಂದಲೇ ಕೀಲು, ಚಿಲಕಗಳ ಸ್ಕ್ರೂ ಬಿಚ್ಚಿ ಬಾಗಿಲನ್ನು ಗೋಡೆಗೆ ಒರಗಿಸಿ ಒಳಗೆ ಕೂತಿದ್ದರು.

“ಛಲೋ ಬಂದಿ ನೋಡವ್ವಾ. ಉಳಿ ನಾ ಹಿಡೀತೀನಿ, ಸುತ್ತಿಗಿ ನೀ ಹೊಡಿ.”

“ಕಾಕಾ, ಇದ್ದೊಂದು ಕೈಗೆ ಹೊಡದ್ರ?”

“ಅಳತಿ ಮಾಡಿ ಹೊಡಿ.”

ನನ್ನ ದಿನಚರಿಯಲ್ಲಿ ಇಷ್ಟು ನಡುಗುವ ಅಕ್ಷರದಲ್ಲಿ ಬರೆದ ಪುಟ ಇನ್ನೊಂದಿಲ್ಲ. ಸಂಜೆಯ ಹೊತ್ತಿಗೆ ಸಾಗವಾನಿಯ ಕೈಯೊಂದು ತಯಾರಾಯಿತು. ಬೆರಳುಗಳು ದಪ್ಪ ಬೆಂಡೆಕಾಯಿಯಂತಿದ್ದವು, ನಡುವೆ ತಗ್ಗಾದ ಅಂಗೈ ಇತ್ತು. ಲಿಂಗವನ್ನು ಇದರ ಮೇಲಿಟ್ಟರೆ ಬಲಗೈ ಪೂಜೆಗೆ ಖಾಲಿಯಾಗುತ್ತದೆಂಬ ಉಪಾಯ. “ಆದ್ರೂ ಯವ್ವಗ ಒಂದು ಮಾತು ಕೇಳೋಣು,” ಎಂದರು ಕಾಕಾ.

ಯವ್ವ ಎಂದರೆ ಕಮಲಾಪುರದಲ್ಲಿರುವ ಅವರ ತಾಯಿ, ನನ್ನ ಆಯಿ. ಗಾಯದ ಸುದ್ದಿಯನ್ನು ಆಯಿಗೆ ಯಾರೂ ತಿಳಿಸಿರಲಿಲ್ಲ. ಕಚೇರಿಯಲ್ಲಿ ಕೆಲಸ ಬಹಳ ಎಂದು ಹೇಳುತ್ತ ಕಾಕಾ ಎರಡು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಮುಂದಿನ ಭಾನುವಾರ ನಾವು ಮೂವರೂ ಬಸ್ಸು ಹತ್ತಿದೆವು. ಕಾಕಾ ಕೈ ಮರೆಮಾಡಲು ಶಾಲು ಹೊದ್ದಿದ್ದರು. ಮೇ ತಿಂಗಳಲ್ಲಿ, ನಮ್ಮ ಕಡೆಯ ಬಿಸಿಲಲ್ಲಿ, ಉಣ್ಣೆಯ ಶಾಲು! ಕಂಡಕ್ಟರನು ಜ್ವರದ ಮನುಷ್ಯನೆಂದು ತಿಳಿದು ಕಿಟಕಿಯ ಸೀಟು ಬಿಡಿಸಿಕೊಟ್ಟ.

ಆಯಿ ಕಟ್ಟೆಯ ಮೇಲೆ ಕೂತು ಬಾಳೆಗೊನೆ ನೋಡುತ್ತಿದ್ದರು. ನಮ್ಮೂರಿನ ಕೆಂಪು ಬಾಳೆ, ಹಣ್ಣಾದಾಗ ಕುಂಕುಮ ಹಚ್ಚಿದಂತಿರುತ್ತದೆ. ಮಗನನ್ನು ಮೇಲಿಂದ ಕೆಳಗೆ ನೋಡಿದರು.

“ಶಾಲ್ ಹೊದಿಸಿ ಎಲ್ಲಿ ಸತ್ಕಾರ ಮಾಡ್ಯಾರೋ ನಿನಗ?”

ಕಾಕಾ ಶಾಲು ತೆಗೆದರು. ಆಯಿ ಆ ಮಡಿಚಿದ ಕೈಯನ್ನು ತಮ್ಮೆರಡು ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಮುಟ್ಟಿದರು. “ಐದೂ ಅವ,” ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಬೈಯಲು ಶುರುಮಾಡಿದರು. ಅರ್ಧ ಗಂಟೆ ಬೈದರು. ನಾನು ನಾಲ್ಕು ಬಾಳೆಹಣ್ಣು ತಿಂದು ಮುಗಿಸುವವರೆಗೂ ಬೈದರು!

ಬೈಗುಳ ತಣ್ಣಗಾದ ಮೇಲೆ ಕಾಕಾ ಚೀಲದಿಂದ ಕಟ್ಟಿಗೆಯ ಕೈ ತೆಗೆದು, ಅದರ ಉಪಯೋಗವನ್ನು ವಿವರಿಸಿದರು. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದು ಬಲಗೈ ಅದಲೋ!”

ನಾವೆಲ್ಲ ಬಗ್ಗಿ ನೋಡಿದೆವು. ಹೌದು! ಎಡಗೈ ಮಡಿಚಿತ್ತಲ್ಲ, ಕಾಕಾ ಅಳತೆಗೆ ಬಲಗೈಯನ್ನೇ ನೋಡಿಕೊಂಡಿದ್ದರು.

“ಅಳತಿ ಮಾತ್ರ ಬರೋಬ್ಬರಿ ಅದ ಯವ್ವಾ,” ಕಾಕಾ ಸಣ್ಣ ದನಿಯಲ್ಲಿ ಹೇಳಿದರು.

“ಅಳತಿ ಇರ್ಲಿ. ಈ ಕಟಗಿ ಕೈಗೆ ಲಿಂಗದೀಕ್ಷಾ ಯಾರು ಕೊಟ್ಟಾರ?”

ಕಾಕಿ ಸೆರಗು ಬಾಯಿಗೆ ಒತ್ತಿಕೊಂಡರು. ಎರಡು ತಿಂಗಳ ನಂತರ ಅವರು ನಕ್ಕಿದ್ದು ಅದೇ ಮೊದಲು. ಆಯಿ ತಕ್ಷಣ ಅವರ ಕಡೆ ತಿರುಗಿದರು.

“ನೀ ಯಾಕ ನಗ್ತೀದಿ ಬೇ? ಬಾ ಇಲ್ಲಿ. ಇಂವನ ಎದುರು ಕುಂದ್ರು. ಲಿಂಗ ಅಂವನ ಕೈಯಾಗೇ ಇರಲಿ. ನಿನ್ನ ಕೈ ಅಂವನ ಕೈ ಕೆಳಗ ಇಡು, ನಡುಗದಾಂಗ ಹಿಡಿ.”

“ಅತ್ತಿ, ನಾ ಏನಂತ…”

“ಏನ್ ಏನಂತ? ಪೀಠ ಅಳ್ಳಾಡಿದ್ರ ಕೆಳಗ ಒಂದು ಆಸರ ಕೊಡ್ತೀವಿಲ್ಲೋ? ದೀಕ್ಷಾ ಆದ ಕೈ ಮನ್ಯಾಗೇ ಇಟ್ಕೊಂಡು ಹುಚ್ಚಪ್ಪ ಕಟಗಿ ಕೆತ್ತ್ಯಾನ!”

ಕಾಕಿ ಮದುವೆಯಾಗಿ ಬಂದಾಗಿನಿಂದ ನಸುಕಿನಲ್ಲೇ ತಮ್ಮ ಪೂಜೆ ಮುಗಿಸಿಕೊಂಡು ಒಲೆಯ ಮುಂದೆ ಹೋಗುವವರು. ಕಾಕಾನ ಪೂಜೆ ಎಂಟಕ್ಕೆ. ಒಂದೇ ಮನೆಯಲ್ಲಿ ಇಷ್ಟು ವರ್ಷವಿದ್ದೂ ಆ ಹೊತ್ತಿನಲ್ಲಿ ಎದುರುಬದುರು ಕೂತವರಲ್ಲ. ಅಂದು ಕೂತರು. ಮೊಣಕಾಲು ನೋವಿನ ಕಾಕಿಗೆ ಆಯಿ ತಮ್ಮ ಮಣೆ ಕೊಟ್ಟರು. ನಡುಗುವ ಕೈಯ ಕೆಳಗೆ ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಬಂದು ನಿಂತಿತು. ನಡುಕ ನಿಂತಿತು. ಕಾಕಾ ಬಲಗೈಯಿಂದ ವಿಭೂತಿ ಧರಿಸಿದರು. ಪೂಜೆ ಮುಗಿಯುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಹೊಸದಾಗಿ ಮದುವೆಯಾದವರ ಹಾಗೆ!

ಅಂದಿನಿಂದ ಕಲಬುರಗಿಯ ಮನೆಯಲ್ಲಿ ದಿನಾ ಎಂಟಕ್ಕೆ ಇದೇ ಕ್ರಮ. ಲಿಂಗ ಕೊರಳಿಗೆ ಮರಳಿದ ಮೇಲೂ ಕಾಕಿ ಕೈ ಬಿಡುತ್ತಿರಲಿಲ್ಲ. ಡಾಕ್ಟರು ಹೇಳಿದ ವ್ಯಾಯಾಮ ಅಲ್ಲೇ, ಆಗಲೇ. ಒಂದೊಂದು ಬೆರಳು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತ ಒಂದೊಂದು ದೂರು ಹೇಳುತ್ತಿದ್ದರು. ಇಷ್ಟು ವರ್ಷ ಎದ್ದುಹೋಗಿ ಫ್ಯಾಕ್ಟರಿ ಸೇರುತ್ತಿದ್ದ ಮನುಷ್ಯ ಈಗ ಎಲ್ಲಿ ಓಡಬೇಕು? ಕೈಯೇ ಅವರ ವಶದಲ್ಲಿ!

“ಬಚ್ಚಲ ನಳ ಸೋರ್ಲಾಕತ್ತಿ ಎರಡು ವರ್ಷ ಆಯ್ತು.” ಹೆಬ್ಬೆರಳು.

“ಆಯ್ ಆಯ್, ಮೆಲ್ಲಕ!”

“ನಮ್ಮ ತಮ್ಮನ ಮನಿ ಗೃಹಪ್ರವೇಶಕ್ಕ ನೀವು ಸ್ಕ್ರೂ ತರಾಕ ಹೋಗಿದ್ರಿ.” ತೋರುಬೆರಳು.

“ಅದು ಎಷ್ಟು ಹಳೇದು ಮಾರಾಯ್ತಿ!”

“ಈ ಬೆರಳೂ ಹಳೇದೇ ಅದ, ಬಿಡ್ರಿ.”

ಕಿರುಬೆರಳಿನ ಹೊತ್ತಿಗೆ ಕಾಕಾ ಬೆವೆತು, “ಶಿವನೇ, ಕೈಗೆ ಐದೇ ಬೆರಳು ಕೊಟ್ಟು ಬಾಳ ಉಪಕಾರ ಮಾಡೀಪಾ!” ಎನ್ನುತ್ತಿದ್ದರು. ಜೂನ್ ಬಂತು, ಜುಲೈ ಬಂತು. ದೂರುಗಳು ತೀರುತ್ತ ಬಂದಂತೆ ಬೇರೆ ಮಾತು ಶುರುವಾದವು. ಕಾಕಿ ಚಿಕ್ಕಂದಿನಲ್ಲಿ ಕಲಬುರಗಿ ಕೋಟೆಯೊಳಗೆ ದಾರಿ ತಪ್ಪಿ ಅತ್ತಿದ್ದು, ಕಾಕಾನಿಗೆ ಬಡಗಿಯೇ ಆಗಬೇಕೆಂದಿದ್ದುದು. ಪಕ್ಕದ ಕೋಣೆಯಲ್ಲಿ ಓದುತ್ತ ಕೂತ ನನಗೆ ಇವೆಲ್ಲ ಕೇಳುತ್ತಿದ್ದವು. ಹತ್ತು ನಿಮಿಷದ ವ್ಯಾಯಾಮ ಅರ್ಧ ಗಂಟೆಯಾಯಿತು. ಕಾಕಾ ಕಚೇರಿಗೆ ತಡವಾಗಿ ಹೋಗತೊಡಗಿದರು.

ಆಗಸ್ಟಿನ ಒಂದು ಸಂಜೆ ಕಾಕಿ ಜಗತ್ ಸರ್ಕಲ್ ಕಡೆ ಬಜಾರಕ್ಕೆ ಹೋಗಿದ್ದರು. ಚಹಾ ಹಿಡಿದು ನಾನು ಮಾಳಿಗೆಗೆ ಹೋದೆ. ಕಾಕಾ ಮತ್ತೆ ಫ್ಯಾಕ್ಟರಿಯ ಬಾಗಿಲು ಬಿಚ್ಚಿಟ್ಟು, ಒಳಗೆ ಕಿಟಕಿಯ ಬೆಳಕಿಗೆ ಎಡಗೈ ಚಾಚಿ ಕೂತಿದ್ದರು. ಅಂಗೈಯ ಮೇಲೆ ರಸಮಟ್ಟ ಇಟ್ಟಿದ್ದರು. ಗಾರೆಯವರು ಗೋಡೆ ಸಮವಾಗಿದೆಯೇ ಎಂದು ನೋಡುತ್ತಾರಲ್ಲ, ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ ಪಟ್ಟಿ, ಅದು. ಐದೂ ಬೆರಳು ನೆಟ್ಟಗೆ ತೆರೆದಿದ್ದವು. ಗುಳ್ಳೆ ನಟ್ಟನಡುವೆ ನಿಂತಿತ್ತು. ನಾನು ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದೆ, ಅದು ಅಲುಗಲಿಲ್ಲ. ಕಾಕಾ ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿದರು. ನಾನು ಸಪ್ಪಳ ಮಾಡದೆ ಕೆಳಗಿಳಿದು ಬಂದೆ. ಕಾಕಿ ಬಂದಕೂಡಲೇ ಈ ಸಿಹಿಸುದ್ದಿಯನ್ನು ಕಾಕಾನೇ ಹೇಳಲಿ ಎಂದುಕೊಂಡೆ.

ಕಾಕಾ ಹೇಳಲಿಲ್ಲ.

ಮರುದಿನ ಎಂಟಕ್ಕೆ ಇಬ್ಬರೂ ಎದುರುಬದುರು ಕೂತರು. ಕಾಕಾ ಎಡಗೈ ಚಾಚಿದರು. ಅದು ನಡುಗಿತು, ಮೊದಲಿನ ಹಾಗೆಯೇ.

“ಇನ್ನೂ ನಡಗ್ತದೇನ್ರೀ?”

“ಹೂಂ. ಇನ್ನಾ ಸ್ವಲ್ಪ ಅದ.”

ಕಾಕಿ ಆ ಕೈಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಕೈಯನ್ನು ಅದರ ಕೆಳಗೆ ಇಟ್ಟರು.

“ಇರ್ಲಿ ಬಿಡ್ರಿ. ಅವಸರ ಏನದ?”

ಹೀಗೆ ಬೆಳಿಗ್ಗೆ ಎಂಟಕ್ಕೆ ಮಾತ್ರ, ಅದೂ ಹೆಂಡತಿ ಎದುರು ಕೂತಾಗ ಮಾತ್ರ ಕಾಣಿಸಿಕೊಳ್ಳುವ ನಡುಕದ ಬಗ್ಗೆ ನಿಮ್ಮಲ್ಲಿ ಯಾರಿಗಾದರೂ ಹೆಚ್ಚಿಗೆ ತಿಳಿದಿದ್ದರೆ ದಯಮಾಡಿ ಬರೆದು ತಿಳಿಸಿ. ಎಷ್ಟು ವರ್ಷ ಇರುತ್ತದೆ ಎಂಬುದಷ್ಟೇ ನನಗೆ ಬೇಕು. ಮದ್ದು ಗೊತ್ತಿದ್ದರೆ ಹೇಳಬೇಡಿ.