ಬೀಗಿತ್ತಿಯ ಮುಂದೆ ಇಚಿ, ನಿ, ಸಾನ್

ತರಗುಪೇಟೆಯ ಬೇಳೆ ವ್ಯಾಪಾರಿ ಚಂದ್ರಶೇಖರಯ್ಯನವರಿಗೆ ಪಿಸುಗುಟ್ಟಲು ಬರುವುದಿಲ್ಲ. ಲಾರಿಗಳ ಗದ್ದಲದ ನಡುವೆ ಹಮಾಲರನ್ನು ಕೂಗಿ ಕೂಗಿ ಅವರ ಗಂಟಲು ಒಂದೇ ದರ್ಜೆಗೆ ನಿಂತುಬಿಟ್ಟಿದೆ. ಚಾಮರಾಜಪೇಟೆಯ ಮನೆಯಲ್ಲಿ ಅವರು ಹೆಂಡತಿಯ ಕಿವಿಯಲ್ಲಿ ಉಸುರಿದ ಗುಟ್ಟು ಎದುರು ಮನೆಗೆ ಮೊದಲು ತಲುಪಿ, ಅಲ್ಲಿಂದ ಹೆಂಡತಿಗೆ ಬರುವುದೂ ಉಂಟು.

ಇದರಿಂದ ಊರಿಗೇನು ನಷ್ಟವೋ ಗೊತ್ತಿಲ್ಲ, ಮಗಳು ಶಿವರಂಜಿನಿಯ ಮದುವೆಗೆ ಮಾತ್ರ ಕಲ್ಲು ಬಿದ್ದಿತ್ತು. ಹೋದ ವರ್ಷ ನೋಡಲು ಬಂದ ಹುಡುಗ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಇವರು ಒಳಗೆ ಹೆಂಡತಿಗೆ ಅತ್ಯಂತ ಗೋಪ್ಯವಾಗಿ ಹೇಳಿದರು: "ದಾಕ್ಷಾಯಣಿ, ಇದು ಎರಡನೇ ದರ್ಜೆ ಮಾಲು ಕಣೇ. ಪಾಲಿಷ್ ಜಾಸ್ತಿ ಹೊಡ್ಸಿದಾರೆ." ಹುಡುಗ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೋದ. (ಅವನಿಗಿಂತ ಮುಂಚೆ ಬಂದವನ ಕಥೆ ಬೇಡ. ಅವನ ಚಿಕ್ಕಪ್ಪ ಇವರ ಅಂಗಡಿಯ ಹಳೇ ಗಿರಾಕಿ, ಈಗ ಬೇರೆ ಕಡೆ ಬೇಳೆ ಕೊಳ್ಳುತ್ತಾರೆ.)

ಈ ಸಲದ ಹುಡುಗ ತ್ಯಾಗರಾಜನಗರದ ಕೇದಾರ್. ಯಾರದೋ ಮದುವೆಯಲ್ಲಿ ಶಿವರಂಜಿನಿಯೇ ಅವನನ್ನು ಕಂಡು, ಮಾತಾಡಿಸಿ, ಮೆಚ್ಚಿಕೊಂಡು ಮನೆಗೆ ತಿಳಿಸಿದ್ದಳು. ಭಾನುವಾರ ಅವನು ತಾಯಿಯೊಂದಿಗೆ ಬರುವುದೆಂದು ನಿಶ್ಚಯವಾದ ಕೂಡಲೇ ಅವಳು ತಂದೆಯ ಎದುರು ಬಂದು ಕೂತಳು.

"ಅಪ್ಪಾ, ಭಾನುವಾರ ನೀವು ಬಾಯೇ ಬಿಡಬಾರದು."

"ಅದು ಹೇಗಾಗುತ್ತೆ? ಹುಡುಗ ಹೇಗಿದಾನೆ ಅಂತ ನಿಮ್ಮಮ್ಮಂಗೆ ಹೇಳೋದು ಬೇಡ್ವಾ?"

"ಅವರು ಹೋದ್ಮೇಲೆ ಹೇಳಿ."

"ಮಾಲು ಕಣ್ಮುಂದೆ ಇದ್ದಾಗಲೇ ಹೇಳ್ಬೇಕಮ್ಮ. ಆಮೇಲೆ ಹೇಳಿ ಏನು ಪ್ರಯೋಜನ?"

"ಕಳೆದ ಸಲ ಹೇಳಿ ಏನು ಸಂಪಾದಿಸಿದ್ರಿ?" ಎಂದರು ಅಡುಗೆಮನೆಯಿಂದ ದಾಕ್ಷಾಯಣಮ್ಮ.

ಚಂದ್ರಶೇಖರಯ್ಯನವರು ಗುಪ್ತಭಾಷೆಯೊಂದರ ಅಗತ್ಯವನ್ನು ಸಭೆಯ ಮುಂದಿಟ್ಟದ್ದು ಆಗಲೇ. ಆದರೆ ಬೆಂಗಳೂರಿನಲ್ಲಿ ಗುಪ್ತವಾಗಿ ಉಳಿದ ಭಾಷೆ ಯಾವುದಿದೆ? ತಮಿಳು, ತೆಲುಗು, ಹಿಂದಿ ಹಾಲಿನವನಿಗೂ ಬರುತ್ತವೆ. ಇಂಗ್ಲಿಷು ಹಾಲು ಕುಡಿಯುವ ಕೂಸಿಗೂ ಬರುತ್ತದೆ. ಕೊನೆಗೆ ಶಿವರಂಜಿನಿಯೇ ದಾರಿ ತೋರಿಸಿದಳು. ಅವಳು ಜಪಾನಿ ಕಂಪನಿಯೊಂದರ ಆಫೀಸಿನಲ್ಲಿದ್ದಾಳೆ. ಹತ್ತರವರೆಗೆ ಎಣಿಸುವುದನ್ನು ಅಲ್ಲಿ ಕಲಿಸಿದ್ದರು. ಹತ್ತಕ್ಕೆ ಎಷ್ಟು ಮಾರ್ಕ್ಸ್ ಎಂದು ಜಪಾನಿಯಲ್ಲಿ ಹೇಳಿದರೆ ಮುಗಿಯಿತು, ಮಿಕ್ಕ ಮಾತೆಲ್ಲ ಹುಡುಗ ಹೋದಮೇಲೆ.

ಇಚಿ, ನಿ, ಸಾನ್, ಶಿ, ಗೋ, ರೊಕು, ಶಿಚಿ, ಹಾಚಿ, ಕ್ಯೂ, ಜೂ. ದಾಕ್ಷಾಯಣಮ್ಮ ಅಂದು ಸಂಜೆಯೇ ಕಲಿತುಬಿಟ್ಟರು. ಕುಕ್ಕರಿನ ಕೂಗನ್ನೂ ಜಪಾನಿಯಲ್ಲೇ ಎಣಿಸಿದರು. ಯಜಮಾನರಿಗೂ ಬಂತು, ಆದರೆ ಮಗ್ಗಿ ಬರುವ ಹಾಗೆ ಬಂತು. ಎಂಟು ಬೇಕಾದರೂ ಒಂದರಿಂದಲೇ ಹೊರಡಬೇಕು. ಅವರ ಜಪಾನಿ, ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಸಿಟಿ ಬಸ್ಸು.

ಭಾನುವಾರ ಬಂತು. ಕೇದಾರ್ ಬಂದ. ಅವನ ಹಿಂದೆ ತಾಯಿ ಲಕ್ಷ್ಮೀದೇವಮ್ಮನವರು, ದುಂಡಗಿನ ಶಾಂತ ಮುಖದ ಹೆಂಗಸು, ನಡುಮನೆಯನ್ನು ಒಮ್ಮೆ ಸುತ್ತ ನೋಡಿ "ಮನೆ ಚಿಕ್ಕದಾದ್ರೂ ಗಾಳಿ ಬೆಳಕು ಚೆನ್ನಾಗಿದೆ" ಎಂದರು.

ಆ 'ಚಿಕ್ಕದಾದ್ರೂ' ಚಂದ್ರಶೇಖರಯ್ಯನವರಿಗೆ ಚುಚ್ಚಿತು. ಹೆಂಡತಿಯ ಕಡೆ ವಾಲಿ, "ಇಚಿ, ನಿ" ಎಂದು ನಿಲ್ಲಿಸಿದರು. ಹತ್ತಕ್ಕೆ ಎರಡು.

"ಏನಂದ್ರಿ?" ಎಂದು ಕೇಳಿದರು ಲಕ್ಷ್ಮೀದೇವಮ್ಮ.

"ಏನಿಲ್ಲಮ್ಮ, ಪೂಜೆ ಅರ್ಧಕ್ಕೆ ನಿಂತಿತ್ತು. ಮಂತ್ರ ಮುಗಿಸ್ತಿದೀನಿ."

"ಮುಗಿಸಿ, ಮುಗಿಸಿ. ಅರ್ಧಕ್ಕೆ ಬಿಡಬಾರದು," ಎಂದರು ಆಕೆ ಭಕ್ತಿಯಿಂದ.

ಗುಪ್ತಭಾಷೆ ಗೆದ್ದಿತ್ತು. ಚಂದ್ರಶೇಖರಯ್ಯನವರು ಮೀಸೆಯೊಳಗೇ ನಕ್ಕರು. ಕೇದಾರ್ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಾಗ ದಾಕ್ಷಾಯಣಮ್ಮ ಸಂತೋಷದಿಂದ "ಹಾಚಿ" ಎಂದರು. ಲಕ್ಷ್ಮೀದೇವಮ್ಮ ಕನಿಕರದಿಂದ "ಶೀತಾನಾ?" ಎಂದು ವಿಚಾರಿಸಿದರು. ಹುಡುಗ ಯಾಕೋ ತಟ್ಟೆಯಿಂದ ತಲೆಯೆತ್ತಲಿಲ್ಲ.

ಮಕ್ಕಳಿಬ್ಬರೂ ಬಾಲ್ಕನಿಗೆ ಹೋಗಿ ಮಾತಾಡಿಕೊಂಡು ಬಂದರು. ಶಿವರಂಜಿನಿಯ ಮುಖ ನೋಡಿದರೇ ಸಾಕಿತ್ತು. ಆದರೂ ಅವಳು ತಾಯಿಯ ಪಕ್ಕ ಕೂರುತ್ತಾ ಮೆಲ್ಲಗೆ "ಜೂ" ಎಂದಳು. ದಾಕ್ಷಾಯಣಮ್ಮ "ಕ್ಯೂ" ಎಂದರು. ಇಬ್ಬರೂ ಮನೆಯ ಯಜಮಾನರ ಕಡೆ ನೋಡಿದರು.

ಅವರಿಗೂ ಹುಡುಗ ಹಿಡಿಸಿದ್ದ. ಆದರೆ ಮಾರುವವನ ಎದುರಿಗೆ ಮಾಲನ್ನು ಹೊಗಳುವುದು ಅವರ ವಂಶದಲ್ಲೇ ಇಲ್ಲ. ಎಂಥ ತೊಗರಿಬೇಳೆಗೂ 'ಪರವಾಗಿಲ್ಲ' ಎಂದವರೇ ಹೊರತು 'ಚೆನ್ನಾಗಿದೆ' ಎಂದವರಲ್ಲ. ಏಳು ಕೊಡೋಣ ಎಂದುಕೊಂಡು ಬಸ್ಸು ಹೊರಡಿಸಿದರು.

"ಇಚಿ, ನಿ, ಸಾನ್, ಶಿ, ಗೋ..."

ಬಸ್ಸು ಕೆಟ್ಟು ನಿಂತಿತು. ಮುಂದಿನದು ನಾಲಿಗೆಗೆ ಬರಲೇ ಇಲ್ಲ. ಮತ್ತೆ "ಗೋ" ಎಂದರು. ಛಾವಣಿ ನೋಡಿ ಇನ್ನೊಮ್ಮೆ "ಗೋ" ಎಂದರು. ಅಪ್ಪ ಕೇದಾರನಿಗೆ ಬರೀ ಐದು ಕೊಟ್ಟರೆಂದು ಶಿವರಂಜಿನಿಯ ಕಣ್ಣು ತುಂಬತೊಡಗಿತು.

"ರೊಕು," ಎಂದರು ಲಕ್ಷ್ಮೀದೇವಮ್ಮ, ಕಾಫಿ ಲೋಟ ಕೆಳಗಿಡುತ್ತಾ. "ಆಮೇಲೆ ಶಿಚಿ, ಹಾಚಿ, ಕ್ಯೂ, ಜೂ. ಎಲ್ಲೀವರೆಗೆ ಹೋಗ್ಬೇಕು ಅಂತಿದೀರಿ?"

ಮನೆಯಲ್ಲಿ ಗಾಳಿ ಬೆಳಕು ಎರಡೂ ನಿಂತಂತಾಯಿತು.

"ಇವನು ಹೈಸ್ಕೂಲು ಮುಗಿಸೋವರೆಗೂ ಕರಾಟೆ ಕಲ್ತ," ಎಂದು ಆಕೆ ಮಗನನ್ನು ತೋರಿಸಿದರು. "ಬಸವನಗುಡೀಲಿ, ಶಾಲೆ ಮೈದಾನದಲ್ಲಿ. ದಿನಾ ಬೆಳಿಗ್ಗೆ ಕರ್ಕೊಂಡು ಹೋಗಿ ಕಟ್ಟೆ ಮೇಲೆ ಕೂತಿರ್ತಿದ್ದೆ. ಮಾಸ್ಟರ್ ಬರೋದು ತಡ ಆದ್ರೆ ನಾನೇ ಜಪಾನೀಲಿ ಎಣಿಸಿ ಮಕ್ಕಳ ಕೈಲಿ ಗುದ್ದು ಹೊಡೆಸ್ತಿದ್ದೆ. ಅದಿರಲಿ, ಬಂದ ತಕ್ಷಣ ಎರಡು ಕೊಟ್ರಲ್ಲ, ಅದು ನನಗಾ, ನನ್ನ ಮಗನಿಗಾ?"

"ಅದು... ನಿಮ್ಮ ಕಾಫಿಗೆ ಎಷ್ಟು ಚಮಚ ಸಕ್ಕರೆ ಅಂತ..."

"ನಂಗೆ ಶುಗರ್ ಇದೆ."

ಚಂದ್ರಶೇಖರಯ್ಯನವರು ಮಗಳ ಕಡೆ ನೋಡಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಾವೇ ಮಗಳ ಬಾಳಿಗೆ ಮೂರನೇ ಸಲ ಅಡ್ಡ ಬಂದಿದ್ದರು, ಅದೂ ಅವಳು ಮನಸಾರೆ ಒಪ್ಪಿದ ಹುಡುಗನ ವಿಷಯದಲ್ಲಿ.

"ತಪ್ಪಾಯ್ತು ತಾಯಿ," ಎಂದರು. ಜೀವಮಾನದಲ್ಲೇ ಮೊದಲ ಬಾರಿಗೆ ಅವರ ದನಿ ಪಿಸುಮಾತಿನಂತೆ ಕೇಳಿಸಿತು.

ಲಕ್ಷ್ಮೀದೇವಮ್ಮನ ದುಂಡು ಮುಖ ಅರಳಿತು. "ಬಿಡಿ ಬೀಗರೇ. ನಮ್ಮ ಮೈದಾನದಲ್ಲಿ ಎಣಿಕೆ ಮರೆತ ಹುಡುಗನಿಗೆ ಹತ್ತು ಬಸ್ಕಿ ಅಷ್ಟೇ ಶಿಕ್ಷೆ. ಅದಕ್ಕಿಂತ ಜಾಸ್ತಿ ಏನಿಲ್ಲ."

ಆಕೆ ತಮಾಷೆಗೆ ಹೇಳಿದ್ದು ಎಲ್ಲರಿಗೂ ತಿಳಿಯಿತು, ಒಬ್ಬರಿಗೆ ಬಿಟ್ಟು. 'ಬೀಗರೇ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಕೆ ಮನಸ್ಸು ಬದಲಾಯಿಸುವ ಮೊದಲೇ ವ್ಯವಹಾರ ಕುದುರಿಸಬೇಕೆಂದು ಚಂದ್ರಶೇಖರಯ್ಯನವರು ನಡುಮನೆಯ ಮಧ್ಯೆ ಎದ್ದು ನಿಂತು ಎರಡೂ ಕಿವಿ ಹಿಡಿದುಕೊಂಡರು. ಕೇದಾರ್ "ಅಯ್ಯೋ, ಬೇಡ ಮಾವ" ಎಂದು ತಡೆಯಲು ಬಂದ. 'ಮಾವ' ಎಂಬುದನ್ನು ಕೇಳಿ ಅವರು ಇನ್ನಷ್ಟು ಹುರುಪಿನಿಂದ ಕುಕ್ಕರಿಸಿದರು.

ಎಣಿಸುವ ಹೊಣೆಯನ್ನು ದಾಕ್ಷಾಯಣಮ್ಮ ತಾವಾಗಿ ವಹಿಸಿಕೊಂಡರು. "ಇಚಿ" ಎಂದರು. ಯಜಮಾನರ ಮಂಡಿ ಲಟಕ್ ಎಂದಿತು. ನಿ, ಸಾನ್, ಶಿ. ಬೆವರು ಇಳಿಯಿತು. ಗೋ. ಇನ್ನು ಅರ್ಧವೇ ಉಳಿದದ್ದು ಎಂದು ಏದುಸಿರು ಬಿಡುತ್ತಾ ಅವರು ಹೆಂಡತಿಯ ಮುಖವನ್ನು ಆಸೆಯಿಂದ ನೋಡಿದರು.

ದಾಕ್ಷಾಯಣಮ್ಮ ಹೊಸ ಬೀಗಿತ್ತಿಯ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡರು.

"ಮುಂದಿನದು ಮರ್ತೋಯ್ತು ರೀ," ಎಂದರು. "ಮೊದಲಿಂದ ಶುರು ಮಾಡಿ. ಇಚಿ."